ಲಷ್ಕರದಾಗ ತೋಪಾಸ

ನಿಪ್ಪಾಣಿ
3 ಆಗಸ್ಟ್ 2025

ಮೊಮ್ಮಗ, ಹಡಗಿನ ಫಿಟ್ಟರ್ ಚಿ. ವಿಕ್ರಾಂತನಿಗೆ ಆಯಿಯ ಆಶೀರ್ವಾದ.

ನಿನ್ನ ಪತ್ರದ ಫೋಟೋ ನಿನ್ನ ಅವ್ವ ನೀಲಮಳ ಫೋನಿಗೆ ಬಂತು. ಬಾಹುಬಲಿ ಅದನ್ನು ತನ್ನ ಝೆರಾಕ್ಸ್ ಅಂಗಡಿಯಲ್ಲಿ ದೊಡ್ಡ ಅಕ್ಷರ ಮಾಡಿ ತೆಗೆದುಕೊಟ್ಟ. ಇದನ್ನೂ ಹಾಗೆಯೇ ಫೋಟೋ ತೆಗೆದು ಕಳಿಸುತ್ತೇವೆ. ಫೋನಿನಲ್ಲಿ ನಿನ್ನ ಮಾತು ಅರ್ಧಕ್ಕೇ ಕಡಿದುಹೋಗುತ್ತದೆ, ಕಾಗದ ಹಾಗೆ ಮಾಡುವುದಿಲ್ಲ. ಎರಡು ಕಡೆ ‘ಘಂಟೆ’ ಎಂದು ಬರೆದಿದ್ದೀಯ. ಗಂಟೆ. ಐದನೆಯ ಇಯತ್ತೆಯಲ್ಲಿ ನಾನೇ ಹೇಳಿಕೊಟ್ಟಿದ್ದೆ.

ಏಪ್ರಿಲ್‌ನಿಂದ ಹಡಗು ಲಂಗರು ಹಾಕಿ ನಿಂತಿದೆ, ಮುಂದೆ ಹೋದರೆ ಯುದ್ಧ, ಹಿಂದೆ ಬಂದರೆ ನೀರಿನೊಳಗೆ ಸಿಡಿಮದ್ದು, ಮಾಲೀಕ ಫೋನ್ ಎತ್ತುವುದಿಲ್ಲ ಎಂದು ಬರೆದದ್ದನ್ನು ನೀಲಮಳಿಗೆ ಓದಿ ಹೇಳಿದೆ. ಅವಳು ಎದ್ದು ಹೋಗಿ ಹಾಲು ಇಳಿಸಿದಳು. ನಾನು ಪತ್ರಿಕೆ ಓದಿದೆ. ಎಣ್ಣೆಯ ಬೆಲೆಗೆ ಎರಡು ಕಾಲಂ, ಹಡಗಿನಲ್ಲಿ ಸಿಕ್ಕಿಬಿದ್ದವರಿಗೆ ಒಂದು ಸಾಲು. ಎಣ್ಣೆ ತಾನೇ ಈಜಿಕೊಂಡು ಬರುತ್ತದೆಂದು ಇವರು ತಿಳಿದಿದ್ದಾರೆಯೆ? ನೀನು ಫಿಟ್ಟರ್, ನಿನ್ನನ್ನು ಚೆನ್ನಾಗಿ ನೋಡಿಕೊಳ್ಳುತ್ತಾರೆ ಎಂಬುದೊಂದೇ ಸಮಾಧಾನ.

ಇಲ್ಲಿ ಇನ್ನೊಂದು ಜಗಳ ನಡೆದಿದೆ. ಮಹಾಯುದ್ಧಗಳಲ್ಲಿ ಸತ್ತ ನಮ್ಮ ಭಾಗದ ಸೈನಿಕರಿಗೆ ಉದ್ಯಾನದಲ್ಲಿ ಸ್ಮಾರಕ ಕಟ್ಟುತ್ತಿದ್ದಾರೆ. ಒಬ್ಬೊಬ್ಬರ ಹೆಸರಿಗೂ ಒಂದೊಂದು ಕಲ್ಲಿನ ಹಲಗೆ. ಸಮಿತಿಯ ಅಧ್ಯಕ್ಷರು ನಿವೃತ್ತ ಸುಬೇದಾರ ಬಾಳಾಸಾಬ. ನನ್ನಪ್ಪ ದಶರಥನ ಹೆಸರು ಕೊಟ್ಟಿದ್ದೆ. ವಿಚಾರಿಸಿ ಬಂದು, “ಅಕ್ಕೋರ, ಆ ಹೆಸರಿನಂವ ಯಾವ ಪಲ್ಟನ್ನಿನ್ಯಾಗೂ ಇಲ್ಲರಿ” ಎಂದರು. ಇಲ್ಲ ಅಂದರೆ ಹೇಗೆ? ನಾನು ಹೊಟ್ಟೆಯಲ್ಲಿದ್ದಾಗ, ನಲವತ್ತೆರಡರಲ್ಲಿ, ಅಪ್ಪ ತೀರಿಹೋದ. ಅವ್ವ ಸುಂದರಾ ಬೀಡಿ ಕಟ್ಟುತ್ತ ಕೂತಾಗ ಹೇಳುತ್ತಿದ್ದದ್ದು ಒಂದೇ ಮಾತು: “ನಿಮ್ಮಪ್ಪ ಲಷ್ಕರದಾಗ ತೋಪಾಸ ಇದ್ದಾ. ಬೋಟ ಮುಳಗಿತು.” ಲಷ್ಕರ ಅಂದರೆ ಸೈನ್ಯ. ತೋಪಾಸ ಅಂದರೆ ತೋಪು ಹಾರಿಸುವವನು ಎಂದು ಅರ್ಥ ಬಿಡಿಸಿದವರು ನಮ್ಮ ಮಾಸ್ತರು. ಅವ್ವ ಹೌದೆನ್ನಲಿಲ್ಲ, ಅಲ್ಲವೆಂದೂ ಅನ್ನಲಿಲ್ಲ. ನಾನು ಮಾತ್ರ ತೋಪಿನವನ ಮಗಳು ಎಂದು ತಲೆಯೆತ್ತಿ ಶಾಲೆಗೆ ಹೋದೆ.

ನೀನು ಹಡಗಿನವನು. ಅಲ್ಲಿ ತಿಳಿದವರನ್ನು ಕೇಳಿ ಬರೆ.

ಅಕ್ಕುತಾಯಿ


ಹಡಗು
19 ಆಗಸ್ಟ್ 2025

ಆಯಿಗೆ ಜೈಭೀಮ.

ಬಂದರಿನ ಹೆಸರು ಬರೆಯಬಾರದೆಂದು ಕ್ಯಾಪ್ಟನ್ ಹೇಳಿದ್ದಾರೆ. ನಮ್ಮ ಮಾಳಿಗೆಯಿಂದ ಹೆದ್ದಾರಿ ಕಾಣುವಷ್ಟು ಹತ್ತಿರದಲ್ಲಿ ದಡ ಕಾಣುತ್ತದೆ. ಬಸ್ಸು ಹೋಗುವುದು, ಜನ ಇಳಿಯುವುದು ಎಲ್ಲ ಕಾಣುತ್ತದೆ. ನಮ್ಮನ್ನು ಮಾತ್ರ ಇಳಿಯಲು ಬಿಡುವುದಿಲ್ಲ. ಡೀಸೆಲ್ ಉಳಿಸಲು ಜನರೇಟರ್ ಬೆಳಿಗ್ಗೆ ಒಂದು ಗಂಟೆ ಮಾತ್ರ ಓಡುತ್ತದೆ (ಗಂಟೆ ಸರಿಯಾಗಿ ಬರೆದಿದ್ದೇನೆ, ನೋಡು). ಆಮೇಲೆ ಒಳಗೆ ಕಬ್ಬಿಣ ಕಾಯ್ದು ಉಸಿರಾಡಲು ಆಗುವುದಿಲ್ಲ. ಹೊರಗೆ ಬಂದರೆ ಆಕಾಶದಲ್ಲಿ ಯಾರೋ ಹಳೆಯ ಮೊಪೆಡ್ ಹೊಡೆದಂತೆ ಡ್ರೋನ್ ಶಬ್ದ. ಅದು ದೂರ ಹೋಗುವವರೆಗೆ ಯಾರೂ ಮಾತಾಡುವುದಿಲ್ಲ.

ನನಗೆ ಕೆಲಸವಿದೆ, ಹೊತ್ತು ಹೋಗುತ್ತದೆ. ಚಿಂತೆ ಮಾಡಬೇಡಿ.

ಮುತ್ಯಾ ದಶರಥನ ವಿಷಯ. ನಮ್ಮೂರಲ್ಲಿ ಲಷ್ಕರ ಅಂದರೆ ಸೈನ್ಯ, ಸರಿ. ಆದರೆ ಬ್ರಿಟಿಷರು ತಮ್ಮ ಸರಕಿನ ಹಡಗುಗಳಲ್ಲಿ ದುಡಿಯುತ್ತಿದ್ದ ನಮ್ಮ ಕಡೆಯ ಖಲಾಸಿಗಳನ್ನು ಲಸ್ಕರ್ ಎಂದು ಕರೆಯುತ್ತಿದ್ದರು. ಆ ಯುದ್ಧದಲ್ಲಿ ಅಂಥವರು ಸಾವಿರಾರು ಜನ ಮುಳುಗಿದರು. ಮುತ್ಯಾ ಸೈನಿಕನಾಗಿರಲಿಲ್ಲ ಆಯಿ, ನನ್ನ ಹಾಗೆ ನಾವಿಕನಾಗಿದ್ದ. ಅದಕ್ಕೇ ಯಾವ ಪಲ್ಟನ್ನಿನಲ್ಲೂ ಹೆಸರಿಲ್ಲ.

ತೋಪಾಸ ಎಂಬುದು ನನಗೆ ತಿಳಿಯದು. ಹಳೆಯ ಶಬ್ದವಿರಬೇಕು. ಅದನ್ನು ಬಿಟ್ಟುಬಿಡು. ನಾವಿಕ ಎಂದಷ್ಟೇ ಬರೆಸಿದರೆ ಸಾಕು.

ವಿಕ್ರಾಂತ


ನಿಪ್ಪಾಣಿ
28 ಆಗಸ್ಟ್ 2025

ಫಿಟ್ಟರ್ ವಿಕ್ರಾಂತನಿಗೆ ಆಯಿಯ ಆಶೀರ್ವಾದ.

‘ಬಿಟ್ಟುಬಿಡು’ ಎಂಬ ಮಾತನ್ನು ನನಗೆ ಬರೆಯಬೇಡ.

ಎಂಬತ್ತಮೂರು ವರ್ಷ ಸೈನಿಕನ ಮಗಳಾಗಿದ್ದೆ. ನಿನ್ನ ಪತ್ರ ಓದಿದ ದಿನ ಊಟ ಸೇರಲಿಲ್ಲ. ಆಮೇಲೆ ಸಿಟ್ಟು ಬಂತು. ಬಂದೂಕು ಹಿಡಿದು ಸತ್ತವನಿಗೆ ಕಲ್ಲು, ಅವನಿಗೆ ಗೋಧಿಯನ್ನೂ ಮದ್ದುಗುಂಡನ್ನೂ ಮುಟ್ಟಿಸಲು ಹೋಗಿ ಸತ್ತವನಿಗೆ ಏನೂ ಇಲ್ಲ. ಇವನ ಕೈಯಲ್ಲಿ ಎದುರು ಹೊಡೆಯಲು ಒಂದು ಕೋಲೂ ಇರಲಿಲ್ಲ. ಹಾಗಾದರೆ ಯಾರ ಧೈರ್ಯ ದೊಡ್ಡದು? ಬಾಳಾಸಾಬರ ಪಡಸಾಲೆಯಲ್ಲಿ ಕೂತು ಇದನ್ನೇ ಕೇಳಿದೆ. ಅವರು ಮೀಸೆ ಸವರಿಕೊಂಡರು.

“ಆಗಿನ ಸರಕಿನ ಬೋಟಿನ ಮ್ಯಾಲೂ ಒಂದೊಂದ ತೋಪ ಕೂಡಸತಿದ್ರರಿ ಅಕ್ಕೋರ. ನಿಮ್ಮಪ್ಪ ಅದನ್ನ ಹಾರಸಾಂವ ಇರಬೇಕು. ತೋಪಿನಂವ ಅಂದರ ನಮ್ಮಾಂವನ ಆದ ಬಿಡ್ರಿ.”

ಲಷ್ಕರದ ಗಂಟು ನೀನು ಬಿಚ್ಚಿದೆ, ತೋಪಾಸದ ಗಂಟು ಬಾಳಾಸಾಬರು ಬಿಚ್ಚಿದರು. ಕಲ್ಲು ಕೆತ್ತುವ ಮಾಳುವಿಗೆ ಒಕ್ಕಣೆ ಹೋಗಿದೆ: ‘ದಶರಥ, ಹಡಗಿನ ತೋಪುಗಾರ’.

ನಿನ್ನನ್ನು ಬಿಡಿಸುವ ಕೆಲಸವನ್ನೂ ಮರೆತಿಲ್ಲ. ಬಾಳಾಸಾಬರ ಜೊತೆ ಪಲ್ಟನ್ನಿನಲ್ಲಿದ್ದವರೊಬ್ಬರು ಈಗ ಮುಂಬಯಿಯಲ್ಲಿ, ನಿಮ್ಮಂತೆ ಸಿಕ್ಕಿಬಿದ್ದ ನಾವಿಕರನ್ನು ಬಿಡಿಸಿ ತರುವ ಸಂಸ್ಥೆಯೊಂದರಲ್ಲಿದ್ದಾರೆ. ಹಡಗು ಕಾಯಲು ಬೇಕಾದವರನ್ನು ಇಟ್ಟುಕೊಂಡು ಉಳಿದವರನ್ನು ಬಿಡಲು ಆ ಬಂದರಿನವರು ಒಪ್ಪಿದ್ದಾರಂತೆ. ಮನೆಯವರು ಅರ್ಜಿ ಕೊಡಬೇಕು. ಅದರಲ್ಲಿನ ಹೆಸರು, ಹುದ್ದೆ ಎರಡೂ ಹಡಗಿನ ಪಟ್ಟಿಯ ಜೊತೆ ಹೊಂದಬೇಕು. ಅರ್ಜಿ ನಾನು ಬರೆದೆ, ಬಾಳಾಸಾಬರು ಸಾಕ್ಷಿಯಾಗಿ ಸಹಿ ಹಾಕಿದರು: ‘ಹಡಗಿನ ತೋಪುಗಾರ ದಶರಥನ ಮರಿಮಗ, ಫಿಟ್ಟರ್ ವಿಕ್ರಾಂತ’. ಬರೆಯುವಾಗ ನಿನ್ನ ಅವ್ವ ನಡುವೆ ಏನೋ ಹೇಳಲು ಬಂದಳು, ಸುಮ್ಮನಿರಿಸಿದೆ. ಅರ್ಜಿ ಬರೆಯುವಾಗ ಬಾಯಿ ಹಾಕಿದರೆ ವಾಕ್ಯ ಕೆಡುತ್ತದೆ.

ಅಕ್ಕುತಾಯಿ


ಹಡಗು
14 ಸೆಪ್ಟೆಂಬರ್ 2025

ಆಯಿಗೆ ಜೈಭೀಮ.

ನಮ್ಮ ಪಕ್ಕದಲ್ಲಿ ನಿಂತಿದ್ದ ಹಡಗಿನ ಮೇಲೆ ಮೊನ್ನೆ ಬೆಳಿಗ್ಗೆ ಡ್ರೋನ್ ಬಿತ್ತು.

ಆ ಹಡಗಿನ ಹಿಂಭಾಗಕ್ಕೆ ನನ್ನ ವಯಸ್ಸಿನವನೊಬ್ಬ ದಿನಾ ಬಕೆಟ್ ತಂದು ನೀರು ಚೆಲ್ಲುತ್ತಿದ್ದ. ಆ ಹೊತ್ತಿಗೆ ನಾನೂ ಹಿಂದೆ ಇರುತ್ತಿದ್ದೆ. ಅವನು ಕೈ ಎತ್ತುತ್ತಿದ್ದ, ನಾನೂ ಎತ್ತುತ್ತಿದ್ದೆ. ಯಾವ ದೇಶದವನೋ ತಿಳಿಯದು. ಒಮ್ಮೆ ಬಕೆಟ್ಟನ್ನು ಟೊಪ್ಪಿಗೆಯಂತೆ ತಲೆಗೆ ಹಾಕಿಕೊಂಡು ನನಗೆ ಸೆಲ್ಯೂಟ್ ಹೊಡೆದ. ನಾನು ನಕ್ಕದ್ದು ಅವನಿಗೆ ಕೇಳಿಸಿರಲಿಕ್ಕಿಲ್ಲ. ಈಗ ಆ ಹಡಗಿಗೆ ಹಿಂಭಾಗವೇ ಇಲ್ಲ.

ಪತ್ರಿಕೆಯಲ್ಲಿ ಬಂತೇ? ಅವರ ಹೆಸರುಗಳಿದ್ದರೆ ನನಗೆ ಬರೆ.

ನಿನ್ನೆ ಬಂದರಿನ ದೋಣಿ ಬಂದು ಕೆಲವರನ್ನು ಕರೆದುಕೊಂಡು ಹೋಯಿತು. ನನ್ನ ಹೆಸರು ಹೋಗುವವರಲ್ಲಿಯೂ ಇಲ್ಲ, ಉಳಿಯುವವರಲ್ಲಿಯೂ ಇಲ್ಲ. ಅರ್ಜಿ ಹೊಂದುವುದಿಲ್ಲ ಎಂದರು. ಆಯಿ, ಅದರಲ್ಲಿ ಹುದ್ದೆಯ ಜಾಗದಲ್ಲಿ ‘ಸಿಬ್ಬಂದಿ’ ಎಂದು ಬರೆಯಲು ಬರುತ್ತದೆಯೇ ಕೇಳು. ಫಿಟ್ಟರ್ ಎಂದು ಮಾತ್ರ ಬರೆಯಬೇಡ. ಯಂತ್ರದವರನ್ನು ಅವರು ಬಿಡುವುದಿಲ್ಲ.

ತಪ್ಪುಗಳಿದ್ದರೆ ತಿದ್ದಿಕೋ.

ವಿಕ್ರಾಂತ


ನಿಪ್ಪಾಣಿ
22 ಸೆಪ್ಟೆಂಬರ್ 2025

ಫಿಟ್ಟರ್ ವಿಕ್ರಾಂತನಿಗೆ ಆಯಿಯ ಆಶೀರ್ವಾದ.

ಬಂದಿತ್ತು. ‘ದಾಳಿಯಲ್ಲಿ ಹಡಗಿಗೆ ಹಾನಿ, ಸರಕು ಸುರಕ್ಷಿತ.’ ಹೆಸರುಗಳಿಲ್ಲ. ಸಂಪಾದಕರಿಗೆ ಪತ್ರ ಬರೆದೆ: ಸರಕಿಗೆ ತಾಯಿ ಇರುವುದಿಲ್ಲ, ಸತ್ತವರಿಗೆ ಇರುತ್ತಾಳೆ, ಅವಳು ನಿಮ್ಮ ಪತ್ರಿಕೆ ಓದುತ್ತಿರಬಹುದು ಎಂದು. ಅಚ್ಚು ಹಾಕಲಿಲ್ಲ.

ಇನ್ನು ನಿನ್ನ ಮಾತು. ನೀನು ಹೆದರಿದ್ದೀಯ, ಅದು ತಪ್ಪಲ್ಲ. ಆದರೆ ಹುದ್ದೆ ಮುಚ್ಚಿಟ್ಟು ಸುಳ್ಳು ಬರೆದು ನಿನ್ನನ್ನು ಬಿಡಿಸಿಕೊಂಡು ಬರಲಾರೆ. ತಪ್ಪು ನಮ್ಮದಲ್ಲವೇ ಅಲ್ಲ. ಮುಂಬಯಿಯವರು ಫೋನ್ ಮಾಡಿ ಹೇಳಿದರು: ಆ ಹಡಗಿನ ಪಟ್ಟಿಯಲ್ಲಿ ಫಿಟ್ಟರ್ ಬೇರೆ ಯಾರೋ ಇದ್ದಾನಂತೆ, ವಿಕ್ರಾಂತ ಎಂಬ ಹೆಸರು ಸಂಡಾಸು ತೊಳೆಯುವ, ಕಸ ಗುಡಿಸುವ ಆಳಿನ ಮುಂದೆ ಇದೆಯಂತೆ. ನನ್ನ ಮೈ ಉರಿಯಿತು. ನಮ್ಮ ಹೆಸರು ಕಂಡ ಕೂಡಲೇ ಇವರ ಕೈ ತಾನಾಗಿ ಕಸಬರಿಗೆಯ ಮುಂದೆ ಬರೆಯುತ್ತದೆ.

ನಿನಗೆ ಹೇಳಿದ್ದೇನೆ, ಮತ್ತೆ ಹೇಳುತ್ತೇನೆ. ಊರ ಚಾವಡಿ ಗುಡಿಸುವುದು ನಮ್ಮ ಮನೆಯ ಪಾಲಿಗೆ ಬಂದ ಕೆಲಸವಾಗಿತ್ತು. ಅದನ್ನು ಬಿಟ್ಟು ಅಪ್ಪ ಮುಂಬಯಿಗೆ ಹೋದ. ಐವತ್ತಾರರಲ್ಲಿ ಬೌದ್ಧ ದೀಕ್ಷೆ ತೆಗೆದುಕೊಂಡು ಬಂದ ದಿನ ಅವ್ವ ಆ ಕಸಬರಿಗೆಯನ್ನು ಅಂಗಳದಲ್ಲಿ ಸುಟ್ಟಳು. ಪರರ ಮನೆಯ ಕಸ ಈ ಕೈಗಳಿಗೆ ಇನ್ನಿಲ್ಲ ಎಂದಳು. ಹದಿನಾಲ್ಕು ವರ್ಷದ ನಾನು ಪಕ್ಕದಲ್ಲಿ ನಿಂತಿದ್ದೆ.

ನಿನ್ನ ಐಟಿಐ ಪ್ರಮಾಣಪತ್ರದ ಪ್ರತಿ ಹಚ್ಚಿ, ಪಟ್ಟಿ ತಿದ್ದಬೇಕೆಂದು ಖಡಕ್ಕಾಗಿ ಬರೆದಿದ್ದೇನೆ. ಅದು ನಿಮ್ಮ ಬಂದರಿನವರೆಗೂ ಹೋಗುತ್ತದೆ.

ಅಕ್ಕುತಾಯಿ


ಹಡಗು
12 ಅಕ್ಟೋಬರ್ 2025

ಆಯಿ,

ಪಟ್ಟಿ ಸರಿಯಾಗಿದೆ.

ಏಜೆಂಟ್ ಫಿಟ್ಟರ್ ಎಂದೇ ಹೇಳಿ ಕಳಿಸಿದ್ದ. ಮೊದಲನೆಯ ಹಡಗು ಹತ್ತಿದ ದಿನ ಕೈಗೆ ಬಕೆಟ್ಟು, ಫಿನೈಲು ಕೊಟ್ಟರು. ಸಮುದ್ರದ ಮಧ್ಯದಿಂದ ಹಿಂತಿರುಗಲು ಬಸ್ಸಿಲ್ಲ. ಎರಡನೆಯ ಸಲವೂ ಅದೇ ಸಿಕ್ಕಿತು. ನಿನಗೆ ಹೇಗೆ ಹೇಳಲಿ? ನಾನು ಹಡಗು ಹತ್ತಿದ ಮೇಲೆ ನೀನು ಓಣಿಯಲ್ಲೆಲ್ಲ ಪೇಢೆ ಹಂಚಿದ್ದೆ.

ಈ ಕೆಲಸಕ್ಕೆ ಹಡಗಿನಲ್ಲಿ ಹಳೆಯ ಹೆಸರೊಂದಿದೆ. ಬ್ರಿಟಿಷರ ಕಾಲದಿಂದ ಬಂದದ್ದು. ಅಡುಗೆಯವರು, ಖಲಾಸಿಗಳು ಇವತ್ತಿಗೂ ನನ್ನನ್ನು ಹಾಗೆಯೇ ಕರೆಯುತ್ತಾರೆ. ಟೋಪಾಸ.

ನಿನ್ನ ಮೊದಲ ಪತ್ರದಲ್ಲಿ ಆ ಶಬ್ದ ಓದಿದಾಗ ನಾನು ಬಕೆಟ್ಟಿನ ಪಕ್ಕದಲ್ಲೇ ಕೂತಿದ್ದೆ. ಮುತ್ಯಾ ತೋಪಿನ ಹತ್ತಿರ ಹೋಗಿರಲಿಕ್ಕಿಲ್ಲ ಆಯಿ. ಊರಿನ ಕಸಬರಿಗೆ ಬಿಸಾಡಿ ಅಷ್ಟು ದೂರ ಹೋದವನ ಕೈಗೆ ಸಮುದ್ರದ ಮೇಲೂ ಅದನ್ನೇ ಕೊಟ್ಟರು. ಸುಂದರಾ ಮುತ್ತಜ್ಜಿಗೆ ಗೊತ್ತಿತ್ತೆಂದು ನನಗೆ ಅನಿಸುತ್ತದೆ.

ಟೋಪಾಸ ಇಲ್ಲದಿದ್ದರೂ ಹಡಗು ನಡೆಯುತ್ತದೆ. ಉಳಿಯಲೇಬೇಕಾದವರಲ್ಲಿ ನನ್ನ ಲೆಕ್ಕವಿಲ್ಲ. ಅರ್ಜಿ ಸರಿಯಿದ್ದಿದ್ದರೆ ಹೋದ ತಿಂಗಳೇ ಇಳಿಯುತ್ತಿದ್ದೆ. 26ಕ್ಕೆ ದೋಣಿ ಬರುತ್ತದೆ. ಆಮೇಲೆ ಬಂದರು ಮುಚ್ಚುತ್ತಾರಂತೆ. ಅಷ್ಟರೊಳಗೆ ತಿದ್ದಿ ಕಳಿಸು.

ಬಾಳಾಸಾಬರಿಗೆ ಮುತ್ಯಾನ ಸಂಗತಿ ಹೇಳಬೇಡ. ಮುತ್ಯಾನಿಗೆ ತೋಪು ಇರಲಿ. ಕಸಬರಿಗೆ ನನಗೊಬ್ಬನಿಗೆ ಬರೆ.

ವಿಕ್ರಾಂತ


ನಿಪ್ಪಾಣಿ
24 ಅಕ್ಟೋಬರ್ 2025

ವಿಕ್ರಾಂತ,

ಹನ್ನೆರಡಕ್ಕೆ ಬರೆದದ್ದು ಇಪ್ಪತ್ತೆರಡಕ್ಕೆ ಬಂತು. ನೀಲಮ ಅದನ್ನು ಅಂಗಡಿಗೆ ಒಯ್ಯಲಿಲ್ಲ. ಬಾಗಿಲು ಮುಂದೆ ಮಾಡಿ ತಾನೇ ಓದಿದಳು. ಅವಳ ಧ್ವನಿ ಎಲ್ಲಿಯೂ ತಡವರಿಸಲಿಲ್ಲ. ನಿನಗೆ ಮೊದಲೇ ಗೊತ್ತಿತ್ತೇನು ಎಂದು ಕೇಳಿದೆ.

“ಹ್ವಾದ ಸಲ ರಜಾಕ್ಕ ಬಂದಾಗ ಅವನ ಅಂಗಿ ಫಿನೈಲ್ ನಾರತಿತ್ತು. ಅರ್ಜಿ ಬರಿಯಾಗ ಬಾಯಿ ತಗದಿದ್ನಿ. ಸುಮ್ಮನಿರು ಅಂದಿ.”

ಚಪ್ಪಲಿ ಮೆಟ್ಟಿಕೊಂಡು ಬಾಳಾಸಾಬರ ಮನೆಗೆ ಹೋದೆ. ನಿನ್ನ ಸಂಗತಿ ಹೇಳಿದೆ. ಹೊಸ ಅರ್ಜಿಯಲ್ಲಿ ‘ಟೋಪಾಸ’ ಎಂದು ಬರೆದು ಮುಂದಿಟ್ಟೆ. ಅವರು ಓದಿ ಸಹಿ ಹಾಕಿದರು. ಪೆನ್ನಿನ ಟೊಪ್ಪಿಗೆ ಹಾಕುವಾಗ ಅವರಿಗೆ ಹೊಳೆಯಿತು. ತಲೆಯೆತ್ತಿ ನನ್ನ ಮುಖ ನೋಡಿದರು.

“ಅಕ್ಕೋರ, ಹುಡುಗಂದು ಬ್ಯಾರೆ, ಕಲ್ಲಿಂದು ಬ್ಯಾರೆ. ಕೆತ್ತಿದ್ದು ಕೆತ್ತಿ ಆತು. ಯಾರು ಕೇಳತಾರರಿ?”

“ನಾ ಕೇಳತೇನಿ” ಎಂದೆ.

ಮೂವತ್ತಾರು ವರ್ಷ ಭಾಷೆ ಕಲಿಸಿದವಳು ನಾನು. ಒಂದೇ ಶಬ್ದಕ್ಕೆ ಅರ್ಜಿಯಲ್ಲಿ ಒಂದು ಅರ್ಥ, ಕಲ್ಲಿನ ಮೇಲೆ ಇನ್ನೊಂದು ಅರ್ಥ ಇಟ್ಟುಕೊಂಡು ಬದುಕಲು ನನಗೆ ಬರುವುದಿಲ್ಲ. ತೋಪುಗಾರ ಎಂಬುದನ್ನು ಅಳಿಸಿ ಟೋಪಾಸ ಎಂದು ಕೆತ್ತಿಸಿ ಎಂದೆ. ತೋಪಿನವನಲ್ಲದಿದ್ದರೆ ಸೈನಿಕರ ಸಾಲಿನಲ್ಲಿ ಜಾಗವಿಲ್ಲ, ಹಲಗೆ ತೆಗೆಯಬೇಕಾಗುತ್ತದೆ ಎಂದರು. ಅವರು ಕೆಟ್ಟವರಲ್ಲ, ಅವರ ದನಿ ಸಣ್ಣದಾಗಿತ್ತು. ತೆಗೆಯಿರಿ ಎಂದು ಹೇಳಿ ಬಂದೆ.

ಬಾಹುಬಲಿ ಅರ್ಜಿಯನ್ನು ನಿನ್ನೆಯೇ ಮುಂಬಯಿಗೆ ಕಳಿಸಿದ. ಅಲ್ಲಿಂದ ನಿಮ್ಮ ಬಂದರಿಗೆ ಹೋಗಿದೆ ಎಂದು ಉತ್ತರವೂ ಬಂದಿದೆ. ನಾಡಿದ್ದು ದೋಣಿ. ಹೆಸರು ಕೂಗಿದಾಗ ಜೋರಾಗಿ ಓಗೊಡು.

ಆಯಿ


ಹಡಗು
27 ಅಕ್ಟೋಬರ್ 2025

ಆಯಿಗೆ ಜೈಭೀಮ.

ದೋಣಿ ಬಂತು. ಅಧಿಕಾರಿಯ ಕೈಯಲ್ಲಿ ನನ್ನ ಎರಡೂ ಅರ್ಜಿಗಳಿದ್ದವು. ನೀನು ಇವರಲ್ಲಿ ಯಾವನು ಎಂದು ಕೇಳಿದ. ಎಲ್ಲರ ಎದುರು ಟೋಪಾಸ ಎಂದೆ. ಜೋರಾಗಿಯೇ ಹೇಳಿದೆ ಆಯಿ. ಕ್ಯಾಪ್ಟನ್ ಹೌದೆಂದರು.

ಅವನು ಐಟಿಐ ಪ್ರಮಾಣಪತ್ರವನ್ನು ತಿರುವಿ ನೋಡಿದ. ನಮ್ಮ ಹಡಗಿನ ಫಿಟ್ಟರನಿಗೆ ಜ್ವರ ಏರಿ ಹೋದ ವಾರ ಆಸ್ಪತ್ರೆಗೆ ಒಯ್ದಿದ್ದಾರೆ. ಯಂತ್ರ ನೋಡುವವನೊಬ್ಬ ಹಡಗಿನಲ್ಲಿ ಇರಲೇಬೇಕಂತೆ. ಈ ಪ್ರಮಾಣಪತ್ರ ನಿನ್ನದೇ ಹೌದಲ್ಲ ಎಂದು ಕೇಳಿದ. ಅಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ. ಅದರ ಮೇಲೆ ನನ್ನ ಫೋಟೋ ಇತ್ತು.

ನಿನ್ನೆಯಿಂದ ನಾನು ನಿಜವಾಗಿಯೂ ಫಿಟ್ಟರ್. ಕೆಳಗೆ ಜನರೇಟರ್ ಪಕ್ಕದಲ್ಲಿ ಮಲಗುತ್ತೇನೆ. ಕಿಟಕಿ ಇಲ್ಲ, ಬಸ್ಸು ಕಾಣುವುದಿಲ್ಲ. ಡ್ರೋನ್ ಶಬ್ದವೂ ಕೇಳುವುದಿಲ್ಲ, ಅದೊಂದು ಒಳ್ಳೆಯದಾಯಿತು.

ಕಲ್ಲು ಏನಾಯಿತು, ಬರೆ.

ವಿಕ್ರಾಂತ


ನಿಪ್ಪಾಣಿ
16 ನವೆಂಬರ್ 2025

ಟೋಪಾಸ ವಿಕ್ರಾಂತನಿಗೆ ಆಯಿಯ ಆಶೀರ್ವಾದ.

ನಿನ್ನ ಉತ್ತರ ಬಂದ ಮೇಲೆ ಇದು ನಾಲ್ಕನೆಯ ಪತ್ರ. ಮೊದಲಿನ ಮೂರೂ ನಿನ್ನ ಫೋನು ಮುಟ್ಟಿಲ್ಲವೆಂದು ನೀಲಮ ಹೇಳುತ್ತಾಳೆ. ಅವಳು ದಿನಕ್ಕೆ ಎಷ್ಟು ಸಲ ಅದನ್ನು ತೆಗೆದು ನೋಡುತ್ತಾಳೋ, ನಾನು ನೋಡದವಳಂತೆ ಇರುತ್ತೇನೆ. ಬಂದರು ಮುಚ್ಚಿದ್ದಾರೆ ಎಂದು ಪತ್ರಿಕೆಯಲ್ಲಿದೆ. ಲಂಗರು ಹಾಕಿದ ಹಡಗುಗಳ ಮೇಲೆ ಮತ್ತೆ ದಾಳಿಯಾಯಿತು ಎಂದೂ ಇದೆ. ಯಾವ ಹಡಗು ಎಂದು ಇಲ್ಲ. ಎಣ್ಣೆಯ ಬೆಲೆ ಇದೆ.

ಆ ಪ್ರಮಾಣಪತ್ರ ಕಳಿಸಿದವಳು ನಾನು. ಇದರ ಬಗ್ಗೆ ಬರೆಯಲು ನನ್ನ ಹತ್ತಿರ ವಾಕ್ಯವಿಲ್ಲ. ನೀನು ಬಂದು ಬೈಯಬೇಕು.

ಕಲ್ಲು ಏನಾಯಿತೆಂದು ಕೇಳಿದ್ದೀಯ. ಬಾಳಾಸಾಬರು ಹಲಗೆಯನ್ನು ಸ್ಮಾರಕದಿಂದ ಬಿಡಿಸಿ, ತಾವೇ ರಿಕ್ಷಾದಲ್ಲಿಟ್ಟು ತಂದು ಕೊಟ್ಟರು. ಮಾಳುವನ್ನು ಕರೆಸಿ, ಅದನ್ನು ಬೋರಲು ಹಾಕಿಸಿ ಹಿಂಬದಿಗೆ ಕೆತ್ತಿಸಿದೆ: ‘ದಶರಥ. ಹಡಗಿನ ಟೋಪಾಸ. ಯುದ್ಧದಲ್ಲಿ ಸಮುದ್ರದ ಪಾಲಾದ. 1942.’ ಅವ್ವ ಕೂತು ಬೀಡಿ ಕಟ್ಟುತ್ತಿದ್ದ ಕಟ್ಟೆಯ ಮೇಲೆ, ಓಣಿಯವರಿಗೆ ಕಾಣುವಂತೆ ಗೋಡೆಗೆ ಕೂಡಿಸಿದ್ದೇವೆ. ತೋಪು ಗೋಡೆಯ ಕಡೆಗಾಯಿತು. ಹೋಗುವ ಬರುವವರು ಟೋಪಾಸ ಅಂದರೆ ಏನೆಂದು ಕೇಳುತ್ತಾರೆ. ಹಡಗನ್ನು ಸ್ವಚ್ಛ ಇಡುವವನು ಎಂದು ಹೇಳುತ್ತೇನೆ. ನನ್ನ ಮೊಮ್ಮಗನೂ ಅದೇ ಎನ್ನುತ್ತೇನೆ. ಒಂದಿಬ್ಬರು ತುಟಿ ಬಿಗಿದುಕೊಂಡು ಹೋದರು. ಹೋಗಲಿ.

ಬಾಳಾಸಾಬರು ಮೊನ್ನೆ ಬಂದು ಅದರ ಮುಂದೆ ನಿಂತರು. ಕೈ ಹಣೆಯವರೆಗೆ ಏಳಲು ಹೊರಟದ್ದನ್ನು ತಡೆದುಕೊಂಡರು.

“ಲಷ್ಕರದ ಕಲ್ಲಿಗೆ ಅಷ್ಟ ಸೆಲ್ಯೂಟ್ ಹೊಡಿಬೇಕರಿ ಅಕ್ಕೋರ.”

“ಇದೂ ಲಷ್ಕರದ್ದ ಐತಿ” ಎಂದೆ. ಅವರು ನಗಲಿಲ್ಲ. ಕೈಯನ್ನು ಹಣೆಗೆ ಎತ್ತಿಯೇ ಬಿಟ್ಟರು.

ಇನ್ನೊಂದು ಸಂಗತಿ ಇದೆ. ಇದನ್ನು ನೀಲಮಳಿಗೆ ಹೇಳಿಲ್ಲ. ಕೆತ್ತಿ ಮುಗಿದ ಮೇಲೆ ಅರ್ಧ ಹಲಗೆ ಖಾಲಿ ಉಳಿದಿತ್ತು. ಮಾಳು ಕಲ್ಲಿನ ಪುಡಿ ಊದಿ, “ಕೆಳಗ ಜಾಗಾ ಭಾಳ ಐತ್ರಿ ಅಕ್ಕೋರ, ಮುಂದ ಇನ್ನೊಂದ ಹೆಸರಿಗೆ ಬೇಕಾಗತೈತೇನೋ, ಹಂಗ ಬಿಡಲೇನ್ರಿ?” ಎಂದು ಕೇಳಿದ. ಪಾಪ, ಕೆಟ್ಟದ್ದನ್ನು ನೆನೆಸಿ ಕೇಳಿದವನಲ್ಲ. ಎಲ್ಲ ಮನೆಯವರಿಗೂ ಹಾಗೆ ಕೇಳುತ್ತಾನೆ.

ಬಿಡಬೇಡ, ಗೆರೆ ಹೊಡೆ ಎಂದೆ. ಒಂದು ಗೆರೆ ಹೊಡೆದು ಉಳಿ ಕೆಳಗಿಟ್ಟ. ಇನ್ನೂ ಹೊಡೆ ಎಂದೆ. ಸಂಜೆಯವರೆಗೆ ಪಕ್ಕದಲ್ಲೇ ಕೂತು ಹೊಡೆಸಿದೆ. ಹೆಸರಿನ ಕೆಳಗಿನಿಂದ ಹಲಗೆಯ ಅಂಚಿನವರೆಗೆ ಬರೀ ಗೆರೆಗಳು, ಉಗುರು ಇಡಲೂ ಎಡೆಯಿಲ್ಲ.

ಅಲ್ಲಿ ನಿನಗೆ ಜಾಗವಿಲ್ಲ, ವಿಕ್ರಾಂತ. ಉತ್ತರ ಬರೆ.

ಟೋಪಾಸ ದಶರಥನ ಮಗಳು
ಅಕ್ಕುತಾಯಿ